ಐದು ಕಂಪ್ಯೂಟರ್, ಒಂದು ಸಂದು: ನಮ್ಮ ವಾಚನಾಲಯದಲ್ಲಿ ಸ್ನ್ಯಾಪ್-ಕನ್ಫೈನ್ ಲೋಪ ಸರಿಪಡಿಸಿದ ಅನುಭವ

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುವಾಗ ಸಿಗುವ, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನಲ್ಲಿ, ಮುರಕಲ್ಲಿನ ಗೋಡೆಯ ಹಳೆಯ ಕಟ್ಟಡವೊಂದರಲ್ಲಿ ವಾಚನಾಲಯವಿದೆ. ಕೆಳಗೆ ಪುಸ್ತಕಗಳು ಮತ್ತು ಪತ್ರಿಕೆಗಳು, ಮೇಲಿನ ಕೋಣೆಯಲ್ಲಿ ಐದು ಕಂಪ್ಯೂಟರುಗಳು. ಆ ಐದನ್ನೂ 2020ರ ಕೊನೆಯಿಂದ ನೋಡಿಕೊಳ್ಳುತ್ತಿರುವವನು ನಾನು. ಸಂಬಳದ ಕೆಲಸವಲ್ಲ, ಹಗಲು ಬೇರೆ ಉದ್ಯೋಗ ಮಾಡಿ, ಸಂಜೆ ಮತ್ತು ಭಾನುವಾರಗಳಲ್ಲಿ ಇದಕ್ಕೆ ಕುಳಿತುಕೊಳ್ಳುತ್ತೇನೆ. ನಾಲ್ಕು ಯಂತ್ರಗಳಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ 20.04 ಆವೃತ್ತಿಯ ಡೆಸ್ಕ್‌ಟಾಪ್ ಹಾಕಿದ್ದೆ. ಮೂಲೆಯಲ್ಲಿರುವ ಐದನೆಯದರಲ್ಲಿ ಅದೇ 20.04ರ ಸರ್ವರ್ ಇತ್ತು. ಸದಸ್ಯರಿಗೆಲ್ಲ ಒಂದೊಂದು ಖಾತೆಯಿದ್ದು, ಯಾವ ಯಂತ್ರದ ಮುಂದೆ ಕುಳಿತರೂ ಅವರವರ ಕಡತಗಳು ಮೂಲೆಯ ಯಂತ್ರದಲ್ಲಿ ಉಳಿಯುವಂತೆ ಒಳಜಾಲವನ್ನು ಜೋಡಿಸಲಾಗಿತ್ತು.

ಆ ಕಡತಗಳಲ್ಲಿ ಏನಿದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಕಳವಳಕ್ಕೆಲ್ಲ ಅದೇ ಕಾರಣ. ಕೇರಳ ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ಅರ್ಜಿ ಹಾಕುವವರು, ಅದರಲ್ಲೂ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗಾಗಿ ಕರೆಯುವ ಗುಮಾಸ್ತರ ಹುದ್ದೆಗೆ ಕಾಯುತ್ತಿರುವವರು, ತಮ್ಮ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಭಾವಚಿತ್ರ, ಸಹಿಯ ಚಿತ್ರ ಎಲ್ಲವನ್ನೂ ಅಲ್ಲಿ ಇಟ್ಟಿರುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಗಳು, ಆಧಾರ್ ಮತ್ತು ರೇಷನ್ ಕಾರ್ಡಿನ ಪ್ರತಿಗಳು, ಜಾಗದ ತೆರಿಗೆಯ ರಶೀದಿಗಳು, ಹಿರಿಯರ ಪಿಂಚಣಿಯ ಕಾಗದಗಳು ಸಹ ಅಲ್ಲೇ ಇವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಸುಮಾರು ನೂರ ಮೂವತ್ತು ಜನರ ಕಾಗದಪತ್ರದ ಪೆಟ್ಟಿಗೆ ಆ ಮೂಲೆಯ ಯಂತ್ರ.

2022ರ ಫೆಬ್ರವರಿ 17ರಂದು ಕ್ವಾಲಿಸ್ ಎಂಬ ಸಂಸ್ಥೆಯ ಭದ್ರತಾ ಸಂಶೋಧಕರು ಸ್ನ್ಯಾಪ್-ಕನ್ಫೈನ್ ಎಂಬ ಪ್ರೋಗ್ರಾಮಿನಲ್ಲಿ ತಾವು ಕಂಡುಹಿಡಿದ ಲೋಪಗಳನ್ನು ಪ್ರಕಟಿಸಿದರು. ಮರುದಿನ ಸಂಜೆ ನಾನು ಅದನ್ನು ಓದಿದೆ. ಆ ಒಂದು ತಿಂಗಳಲ್ಲಿ ಇದು ಎರಡನೆಯ ಪೆಟ್ಟು. ಜನವರಿ 25ರಂದು ಅದೇ ಸಂಶೋಧಕರು ಪಿಕೆಎಕ್ಸೆಕ್ ಎಂಬ ಇನ್ನೊಂದು ಪ್ರೋಗ್ರಾಮಿನಲ್ಲಿ 2009ರಿಂದಲೂ ಅಡಗಿದ್ದ ಲೋಪವನ್ನು ಹೊರಗೆಡಹಿದ್ದರು. ಅದಕ್ಕೆ ಬೇಕಾದ ತಿದ್ದುಪಡಿಯನ್ನು ಐದೂ ಯಂತ್ರಗಳಿಗೆ ಹಾಕಿ ನಾನು ನೆಮ್ಮದಿಯಿಂದ ಇದ್ದೆ. ಆದರೆ ಈ ಎರಡನೆಯದು ನನ್ನನ್ನು ಹೆಚ್ಚು ಕಲಕಿತು. ಪಿಕೆಎಕ್ಸೆಕ್ ಬಹುತೇಕ ಎಲ್ಲ ಲಿನಕ್ಸ್ ಡೆಸ್ಕ್‌ಟಾಪುಗಳಲ್ಲೂ ಇದ್ದದ್ದು. ಉಬುಂಟುವಿನಲ್ಲಿ ತಂತ್ರಾಂಶಗಳನ್ನು ಹಾಕುವ ಒಂದು ವಿಧಾನವಾದ ಸ್ನ್ಯಾಪ್ ಅನ್ನು ಮಾತ್ರ ನಾನಾಗಿ ನಂಬಿ, ಭದ್ರತೆಗಾಗಿಯೇ ಆರಿಸಿಕೊಂಡಿದ್ದೆ. ಕ್ರೋಮಿಯಂ, ಜಿಂಪ್, ವಿಎಲ್‌ಸಿ ಇವನ್ನೆಲ್ಲ ಸ್ನ್ಯಾಪ್ ರೂಪದಲ್ಲೇ ಹಾಕಿ, ಪ್ರತಿಯೊಂದು ತಂತ್ರಾಂಶವೂ ತನ್ನ ತನ್ನ ಕೋಣೆಯೊಳಗೆ ಇರುತ್ತದೆ, ಒಂದು ಕೆಟ್ಟರೂ ಇನ್ನೊಂದನ್ನು ಮುಟ್ಟಲಾರದು ಎಂದು ಸಮಿತಿಯ ಸಭೆಯಲ್ಲಿ ವಿವರಿಸಿದವನು ನಾನೇ.

ಆ ಕೋಣೆಯನ್ನು ಕಟ್ಟುವುದೇ ಸ್ನ್ಯಾಪ್-ಕನ್ಫೈನ್‌ನ ಕೆಲಸ. ಸ್ನ್ಯಾಪ್ ರೂಪದ ತಂತ್ರಾಂಶವನ್ನು ನಾವು ತೆರೆದಾಗ ಅದು ನೇರವಾಗಿ ಓಡಲು ತೊಡಗುವುದಿಲ್ಲ. ಮೊದಲು ಸಿ ಭಾಷೆಯಲ್ಲಿ ಬರೆದ ಈ ಸಣ್ಣ ಪ್ರೋಗ್ರಾಂ ಎದ್ದು, ಆ ತಂತ್ರಾಂಶಕ್ಕೆ ಯಾವ ಫೋಲ್ಡರುಗಳು ಕಾಣಬೇಕು, ಯಾವುವು ಕಾಣಬಾರದು ಎಂಬುದನ್ನು ನಿಗದಿಪಡಿಸುವ ಪ್ರತ್ಯೇಕ ಮೌಂಟ್ ನೇಮ್‌ಸ್ಪೇಸ್ ಒಂದನ್ನು ಸಿದ್ಧಪಡಿಸುತ್ತದೆ. ಯಾವ ಕಡತವನ್ನು ಮುಟ್ಟಬಹುದು ಎಂಬ ಆಪ್‌ಆರ್ಮರ್ ನಿಯಮಗಳನ್ನೂ, ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಯಾವ ಕೋರಿಕೆಗಳನ್ನು ಸಲ್ಲಿಸಬಹುದು ಎಂಬ ಸೆಕ್‌ಕಾಂಪ್ ಸೋಸುಕವನ್ನೂ ಅನ್ವಯಿಸುತ್ತದೆ. ಇಷ್ಟೆಲ್ಲ ಆದ ಬಳಿಕ ತನ್ನ ವಿಶೇಷ ಅಧಿಕಾರವನ್ನು ಬಿಟ್ಟುಕೊಟ್ಟು ತಂತ್ರಾಂಶವನ್ನು ಒಳಗೆ ಬಿಡುತ್ತದೆ. ಇಂಥ ಗೋಡೆ ಕಟ್ಟುವ ಕೆಲಸವನ್ನು ಸಾಮಾನ್ಯ ಬಳಕೆದಾರನ ಅಧಿಕಾರದಿಂದ ಮಾಡಲು ಬರುವುದಿಲ್ಲವಾದ್ದರಿಂದ, ಸ್ನ್ಯಾಪ್-ಕನ್ಫೈನ್ ಕಡತಕ್ಕೆ ಸೆಟ್‌ಯುಐಡಿ ಗುರುತು ಹಾಕಿರುತ್ತಿದ್ದರು. ಆ ಗುರುತಿದ್ದರೆ ಯಾರು ಅದನ್ನು ಓಡಿಸಿದರೂ, ಒಂಬತ್ತನೇ ತರಗತಿಯ ಹುಡುಗ ಓಡಿಸಿದರೂ, ಅದು ರೂಟ್ ಅಧಿಕಾರದಿಂದಲೇ, ಎಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರದಿಂದಲೇ, ಓಡುತ್ತದೆ. ಮನೆಯ ಎಲ್ಲ ಕೋಣೆಗಳಿಗೂ ಬೀಗ ಹಾಕಲು ಬರುವವನ ಕೈಯಲ್ಲಿ ಎಲ್ಲ ಬೀಗದ ಕೈಗಳೂ ಇರಲೇಬೇಕು. ಅವನೇ ಎಡವಿದರೆ ಒಂದು ಕೋಣೆ ಮಾತ್ರವಲ್ಲ, ಇಡೀ ಮನೆಯೇ ತೆರೆದುಕೊಳ್ಳುತ್ತದೆ.

ಪ್ರಕಟವಾದ ಲೋಪಗಳಲ್ಲಿ ನಮಗೆ ಮುಖ್ಯವಾದವು ಎರಡು. ಸಿವಿಇ-2021-44730 ಎಂಬ ಗುರುತುಸಂಖ್ಯೆಯ ಲೋಪದಲ್ಲಿ, ಸ್ನ್ಯಾಪ್-ಕನ್ಫೈನ್ ತಾನು ಯಾವ ಜಾಗದಿಂದ ಓಡುತ್ತಿದ್ದೇನೆ ಎಂಬುದನ್ನು ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. ಅದಕ್ಕೆ ಬೇರೆ ಜಾಗದಲ್ಲಿ, ಅದೇ ಕಡತದ ಇನ್ನೊಂದು ಹೆಸರಾದ ಹಾರ್ಡ್‌ಲಿಂಕ್ ಮಾಡಬಲ್ಲವನು ಅದರ ಮೂಲಕ ಬೇರೆ ಪ್ರೋಗ್ರಾಮನ್ನು ರೂಟ್ ಅಧಿಕಾರದಿಂದ ಓಡಿಸಬಹುದಿತ್ತು. ಉಬುಂಟುವಿನಲ್ಲಿ ಬೇರೆಯವರ ಇಂಥ ಕಡತಗಳಿಗೆ ಹಾರ್ಡ್‌ಲಿಂಕ್ ಮಾಡುವುದನ್ನು ಕರ್ನೆಲ್ಲೇ ತಡೆಯುವ ವ್ಯವಸ್ಥೆ ಮೊದಲಿನಿಂದಲೂ ಚಾಲ್ತಿಯಲ್ಲಿರುವುದರಿಂದ ಇದು ನಮ್ಮನ್ನು ಅಷ್ಟಾಗಿ ಬಾಧಿಸುತ್ತಿರಲಿಲ್ಲ.

ಬಾಧಿಸುತ್ತಿದ್ದದ್ದು ಸಿವಿಇ-2021-44731. ಪ್ರತಿಯೊಂದು ಸ್ನ್ಯಾಪ್‌ಗೂ ತಾತ್ಕಾಲಿಕ ಕಡತಗಳನ್ನಿಡಲು ಅದರದ್ದೇ ಆದ ಖಾಸಗಿ ಜಾಗ ಬೇಕು. ಆ ಜಾಗವನ್ನು ಸ್ನ್ಯಾಪ್-ಕನ್ಫೈನ್ ಎಲ್ಲರಿಗೂ ಸೇರಿದ ಟಿಎಂಪಿ ಫೋಲ್ಡರಿನೊಳಗೆ, ಸ್ನ್ಯಾಪ್‌ನ ಹೆಸರನ್ನೇ ಹೊತ್ತ ಫೋಲ್ಡರಾಗಿ ಮಾಡುತ್ತಿತ್ತು. ಟಿಎಂಪಿ ಎಂದರೆ ಸಂತೆಯ ಬಯಲಿದ್ದಂತೆ, ಅಲ್ಲಿ ಯಾರು ಬೇಕಾದರೂ ಯಾವ ಹೆಸರಿನ ಫೋಲ್ಡರನ್ನು ಬೇಕಾದರೂ ಮಾಡಬಹುದು. ಮುಂದೆ ಬರಲಿರುವ ಫೋಲ್ಡರಿನ ಹೆಸರು ಎಲ್ಲರಿಗೂ ಗೊತ್ತಿರುವಾಗ, ಅದನ್ನು ಮೊದಲೇ ಮಾಡಿಟ್ಟು ಕಾಯುವವನಿಗೆ ಅವಕಾಶ ಸಿಗುತ್ತದೆ. ಸ್ನ್ಯಾಪ್-ಕನ್ಫೈನ್ ಒಂದು ಫೋಲ್ಡರನ್ನು ನೋಡಿ ಸರಿಯೆಂದು ಒಪ್ಪುವ ಗಳಿಗೆಗೂ ಅದನ್ನು ಬಳಸುವ ಗಳಿಗೆಗೂ ನಡುವೆ ಒಂದು ಸಂದು ಇತ್ತು. ಆ ಸಂದಿನಲ್ಲಿ ಕೈಯಾಡಿಸಿ ತನ್ನ ಸ್ವಂತ ಕಡತಗಳನ್ನು ಆ ಖಾಸಗಿ ನೇಮ್‌ಸ್ಪೇಸಿನೊಳಗೆ ತೂರಿಸಿದವನು, ಕೊನೆಗೆ ಸ್ನ್ಯಾಪ್-ಕನ್ಫೈನ್ ಕೈಯಿಂದಲೇ ತನ್ನ ಪ್ರೋಗ್ರಾಮನ್ನು ರೂಟ್ ಅಧಿಕಾರದಲ್ಲಿ ಓಡಿಸಿಕೊಳ್ಳಬಹುದಿತ್ತು. ತಿದ್ದುಪಡಿ ಬಂದದ್ದು ಸ್ನ್ಯಾಪ್-ಕನ್ಫೈನ್ ಸೇರಿರುವ ಮೂಲ ತಂತ್ರಾಂಶವಾದ ಸ್ನ್ಯಾಪ್‌ಡಿ 2.54.3ರಲ್ಲಿ.

ಇಂಥ ಲೋಪಗಳಿಗೆ ಇಂಗ್ಲಿಷಿನಲ್ಲಿ ರೇಸ್ ಕಂಡಿಷನ್ ಎನ್ನುತ್ತಾರೆ. ಅದನ್ನು ಓಟದ ಸ್ಥಿತಿ ಎಂದು ಕನ್ನಡಿಸಿದರೆ ಕೇಳುವವರಿಗೆ ಏನೂ ಹೊಳೆಯುವುದಿಲ್ಲ. ಆ ವಾರ ಸದಸ್ಯರಿಗೆ ತಿಳಿಸಲು ಸೂಚನಾಪತ್ರ ಬರೆಯುವಾಗ ನಾನು ಈ ಪದದ ಮುಂದೆ ಬಹಳ ಹೊತ್ತು ಕುಳಿತೆ. ಕೊನೆಗೆ "ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಸಂದು" ಎಂದು ಬರೆದೆ. ಉದ್ದವಾಯಿತು, ಆದರೆ ಓದಿದವರಿಗೆ ಅರ್ಥವಾಯಿತು. ತಾಂತ್ರಿಕ ವಿಷಯಗಳನ್ನು ನಮ್ಮ ಭಾಷೆಯಲ್ಲಿ ಹೇಳುವಾಗ ಒಂದು ಪದಕ್ಕೆ ಒಂದೇ ಪದವನ್ನು ಹುಡುಕುವ ಹಟ ಬಿಡಬೇಕೆಂದು ನನಗೆ ಅಂದಿನಿಂದ ಅನ್ನಿಸಿದೆ.

ಶನಿವಾರ, ಫೆಬ್ರವರಿ 19ರಂದು ಸಂಜೆ ವಾಚನಾಲಯಕ್ಕೆ ಹೋಗಿ, ಭಾನುವಾರ ಮೇಲಿನ ಕೋಣೆಯನ್ನು ಮುಚ್ಚಬೇಕೆಂದು ಕಾರ್ಯದರ್ಶಿಯವರನ್ನು ಕೇಳಿದೆ. ಅವರು ನಿವೃತ್ತ ಅಧ್ಯಾಪಕರು, ಊರಿಗೆಲ್ಲ ಮಾಷ್ಟ್ರು. ನಾನು ಮುದ್ರಿಸಿ ತಂದಿದ್ದ ಹಾಳೆಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಇದರಲ್ಲಿ ಲೋಕಲ್ ಅಂತ ಬರೆದದ್ದುಂಟಲ್ಲ. ಹೊರಗಿನವರಿಗೆ ಇಂಟರ್ನೆಟ್ಟಿನ ಮೂಲಕ ನುಗ್ಗಲಿಕ್ಕೆ ಆಗುದಿಲ್ಲ ಅಂತಲ್ವಾ ಅದರ ಅರ್ಥ? ಹಾಗಾದ್ರೆ ನಮಗೆ ಎಂತ ತಲೆಬಿಸಿ?" ಎಂದು ಕೇಳಿದರು.

"ಹೌದು ಮಾಷ್ಟ್ರೇ, ಒಳಗೆ ಖಾತೆ ಇದ್ದವರಿಗೆ ಮಾತ್ರ ಆಗುದು. ಆದ್ರೆ ನಮ್ಮಲ್ಲಿ ಖಾತೆ ಇದ್ದವರೇ ನೂರ ಮೂವತ್ತು ಜನ ಉಂಟಲ್ಲ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಲ್ಲಿ ಯಾರೂ ಅಂಥವರಲ್ಲ" ಎಂದರು. ನನಗೂ ಹಾಗೆಯೇ ಅನ್ನಿಸುತ್ತಿತ್ತು. ಆದರೆ ಸದಸ್ಯರೊಬ್ಬರ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿದರೆ, ಅಥವಾ ಯಾರದೋ ಪೆನ್‌ಡ್ರೈವಿನಿಂದ ಬಂದ ಪ್ರೋಗ್ರಾಂ ಅವರ ಖಾತೆಯಲ್ಲಿ ಅವರಿಗೆ ತಿಳಿಯದೆ ಓಡಿದರೆ, ಅದೂ ಒಳಗಿನವರ ಲೆಕ್ಕಕ್ಕೇ ಬರುತ್ತದೆ ಎಂದು ವಿವರಿಸಿದೆ. ಒಂದು ಮನೆಗೆ ಒಂದು ಕಂಪ್ಯೂಟರ್ ಇರುವ ಕಡೆಯಲ್ಲಿ, ಒಳಗಿನವನಿಗೆ ಮಾತ್ರ ಸಾಧ್ಯ ಎಂಬ ಮಾತು ಸಮಾಧಾನ ಕೊಡಬಹುದು. ಒಂದು ಯಂತ್ರವನ್ನು ಊರೆಲ್ಲ ಹಂಚಿಕೊಳ್ಳುವ ಕಡೆಯಲ್ಲಿ ಆ ಮಾತಿನಲ್ಲಿ ಸಮಾಧಾನವೇನೂ ಇಲ್ಲ. ಈ ಲೋಪದ ತೀವ್ರತೆಯನ್ನು ಅಳೆಯುವವರು ವಾಚನಾಲಯ, ಶಾಲೆ, ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರಗಳಂಥ ಜಾಗಗಳನ್ನು ಕಣ್ಣಮುಂದೆ ಇಟ್ಟುಕೊಂಡು ಅಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮಾಷ್ಟ್ರು ಒಪ್ಪಿ, ಬಾಗಿಲಿಗೆ ಅಂಟಿಸುವ ಚೀಟಿಯನ್ನು ತಾವೇ ಬರೆದರು.

ಮೊದಲು ನಾಲ್ಕು ಡೆಸ್ಕ್‌ಟಾಪುಗಳು. ಸ್ನ್ಯಾಪ್ ವರ್ಷನ್ ಎಂಬ ಆಜ್ಞೆ ಕೊಟ್ಟಾಗ ನಾಲ್ಕರಲ್ಲೂ 2.54.2 ಎಂದು ತೋರಿಸಿತು, ಎಂದರೆ ಸರಿಯಾಗಿ ಒಂದು ಹೆಜ್ಜೆ ಹಿಂದೆ. ಸ್ನ್ಯಾಪ್‌ಗಳು ದಿನಕ್ಕೆ ನಾಲ್ಕು ಬಾರಿ ತಾವಾಗಿ ಹೊಸ ಆವೃತ್ತಿಯನ್ನು ಹುಡುಕುತ್ತವೆ. ಹಾಗಿದ್ದೂ ನಮ್ಮಲ್ಲಿ ಅದು ಬಾರದೆ ಇದ್ದುದಕ್ಕೆ ಕಾರಣ ನಾನೇ. ವಾಚನಾಲಯಕ್ಕೆ ಆಗ ಇದ್ದದ್ದು ಮೊಬೈಲ್ ಡೇಟಾ ಸಂಪರ್ಕ. ಒಂದು ದಿನ ಸ್ನ್ಯಾಪ್‌ಗಳೆಲ್ಲ ಒಟ್ಟಿಗೆ ಹೊಸದಾಗಿ, ಅರ್ಜಿಯ ಕೊನೆಯ ದಿನಾಂಕದಂದೇ ಡೇಟಾ ಮುಗಿದುಹೋದಾಗ, ಅಳತೆಯ ಸಂಪರ್ಕದಲ್ಲಿರುವಾಗ ನವೀಕರಣವನ್ನು ತಡೆಹಿಡಿಯುವ ವ್ಯವಸ್ಥೆಯನ್ನು ನಾನು ಹಾಕಿದ್ದೆ. ಜನವರಿಯ ಕೊನೆಯಲ್ಲಿ ಪಿಕೆಎಕ್ಸೆಕ್ ಕೆಲಸಕ್ಕೆ ಬಂದಾಗ ಕೈಯಾರೆ ಒಮ್ಮೆ ನವೀಕರಿಸಿದ್ದರಿಂದ 2.54.2 ಆದರೂ ಇತ್ತು. ಆ ತಡೆಯನ್ನು ತೆಗೆದು, ನವೀಕರಿಸುವ ಆಜ್ಞೆ ಕೊಟ್ಟು ಕಾಯುತ್ತ ಕುಳಿತೆ. ಒಂದು ಗಂಟೆಯ ಬಳಿಕ ನಾಲ್ಕೂ 2.54.3 ಎಂದು ತೋರಿಸಿದವು.

ಅಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಕೆಲಸ ಅರ್ಧವೇ ಆಗಿರುತ್ತಿತ್ತು. ಯಾವ ಯೋಚನೆಯಿಂದ ಮಾಡಿದೆನೋ ಈಗ ನೆನಪಿಲ್ಲ, ಯಂತ್ರದಲ್ಲಿ ಸೆಟ್‌ಯುಐಡಿ ಗುರುತಿರುವ ಎಲ್ಲ ಕಡತಗಳನ್ನೂ ಪಟ್ಟಿ ಮಾಡುವಂತೆ ಫೈಂಡ್ ಆಜ್ಞೆ ಕೊಟ್ಟು ನೋಡಿದೆ. ಸ್ನ್ಯಾಪ್-ಕನ್ಫೈನ್ ಎಂಬ ಹೆಸರು ಆ ಪಟ್ಟಿಯಲ್ಲಿ ಮೂರು ಬಾರಿ ಇತ್ತು.

ಒಂದು, ಈಗಷ್ಟೇ ಬಂದ ಸ್ನ್ಯಾಪ್‌ಡಿ ಸ್ನ್ಯಾಪ್‌ನೊಳಗಿನದು, ಅದು ಸರಿ. ಇನ್ನೊಂದು, ಅದೇ ಸ್ನ್ಯಾಪ್‌ನ ಹಿಂದಿನ ಪರಿಷ್ಕರಣೆಯೊಳಗಿನದು. ಹೊಸತು ಕೆಟ್ಟರೆ ಹಿಂದಿರುಗಲು ಅನುಕೂಲವಾಗಲೆಂದು ಸ್ನ್ಯಾಪ್ ಹಳೆಯ ಪರಿಷ್ಕರಣೆಯನ್ನು ಅಳಿಸದೆ ಇಟ್ಟುಕೊಳ್ಳುತ್ತದೆ, ಮತ್ತು ಅದರ ಕಡತಗಳು ಓಡಿಸಲು ಬರುವ ಸ್ಥಿತಿಯಲ್ಲೇ ಇರುತ್ತವೆ. ಮೂರನೆಯದು, ಉಬುಂಟುವಿನ ಮೂಲ ತಂತ್ರಾಂಶ ರೂಪವಾದ ಡೆಬ್ ಪ್ಯಾಕೇಜಿನ ಜೊತೆಗೆ ಬಂದು ಯುಎಸ್ಆರ್ ಫೋಲ್ಡರಿನಲ್ಲಿ ಕುಳಿತಿದ್ದದ್ದು. ಪ್ಯಾಕೇಜಿನ ಆವೃತ್ತಿಯನ್ನು ಡಿಪಿಕೆಜಿ ಆಜ್ಞೆಯಿಂದ ನೋಡಿದರೆ 2.51ರ ಸಾಲಿನದು. ಸ್ನ್ಯಾಪ್ ಆಜ್ಞೆಯು ಓಡಲು ತೊಡಗಿದೊಡನೆ ತನಗಿಂತ ಹೊಸ ಪ್ರತಿ ಯಂತ್ರದಲ್ಲಿದ್ದರೆ ಕೆಲಸವನ್ನು ಅದಕ್ಕೆ ದಾಟಿಸುತ್ತದೆ. ಆದ್ದರಿಂದಲೇ ಆವೃತ್ತಿ ಕೇಳಿದಾಗ ಅದು 2.54.3 ಎಂದು ಹೇಳಿದ್ದು. ಆ ಉತ್ತರ ಸುಳ್ಳಲ್ಲ. ಆದರೆ ಕೇಡು ಮಾಡಲು ಬಂದವನು ಸ್ನ್ಯಾಪ್ ಆಜ್ಞೆಯ ಮೂಲಕವೇ ಬರಬೇಕೆಂದಿಲ್ಲ. ಹಳೆಯ ಸ್ನ್ಯಾಪ್-ಕನ್ಫೈನ್ ಕಡತವನ್ನು ಅದರ ಪೂರ್ಣ ಹೆಸರು ಹಿಡಿದು ನೇರವಾಗಿ ಕರೆದರೆ, ಅದು ತನ್ನ ಹಳೆಯ ಲೋಪದೊಂದಿಗೆ, ರೂಟ್ ಅಧಿಕಾರದೊಂದಿಗೆ ಎದ್ದು ನಿಲ್ಲುತ್ತದೆ. ಹೊಸ ಬೀಗ ಹಾಕಿದ ಮೇಲೂ ಹಳೆಯ ಬಾಗಿಲನ್ನು ಗೋಡೆಯಲ್ಲೇ ಬಿಟ್ಟ ಹಾಗಾಗಿತ್ತು.

ಈ ಹಂತದ ಬಗ್ಗೆ ನಾನು ಒತ್ತಿ ಹೇಳಲು ಕಾರಣವಿದೆ. ಹೆಚ್ಚಿನ ತಂತ್ರಾಂಶಗಳಲ್ಲಿ ಈಗ ಓಡುತ್ತಿರುವ ಪ್ರತಿ ಯಾವುದು ಎಂದು ತಿಳಿದರೆ ಸಾಕು. ಸೆಟ್‌ಯುಐಡಿ ಪ್ರೋಗ್ರಾಮಿನ ವಿಷಯದಲ್ಲಿ ಓಡುತ್ತಿರುವುದನ್ನು ಮಾತ್ರವಲ್ಲ, ಓಡಿಸಬಹುದಾದ ಪ್ರತಿಗಳೆಲ್ಲವನ್ನೂ ಹುಡುಕಬೇಕು. ಆ ಎರಡರ ನಡುವಿನ ಅಂತರ ನನಗೆ ಆ ಭಾನುವಾರದ ತನಕ ಹೊಳೆದಿರಲಿಲ್ಲ.

ಡೆಬ್ ಪ್ಯಾಕೇಜನ್ನು ಆಪ್ಟ್ ಮೂಲಕ ನವೀಕರಿಸಿದೆ. ಹಳೆಯ ಸ್ನ್ಯಾಪ್ ಪರಿಷ್ಕರಣೆಯನ್ನು ಕೈಯಾರೆ ತೆಗೆಯಬೇಕೆಂದು ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೆ. ಆದರೆ ಮತ್ತೆ ಪಟ್ಟಿ ತೆಗೆದು ನೋಡುವಷ್ಟರಲ್ಲಿ ಅದು ತಾನಾಗಿ ಮಾಯವಾಗಿತ್ತು. ಮೊದಲಿಗೆ ಗಾಬರಿಯಾಯಿತು. ಆಮೇಲೆ ಓದಿದಾಗ ತಿಳಿಯಿತು: ಈ ತಿದ್ದುಪಡಿಯ ಜೊತೆಗೆ, ಲೋಪವಿರುವ ಹಳೆಯ ಸ್ನ್ಯಾಪ್-ಕನ್ಫೈನ್ ಹೊತ್ತ ಪರಿಷ್ಕರಣೆಗಳನ್ನು ಹುಡುಕಿ ತೆಗೆದುಹಾಕುವ ಏರ್ಪಾಡನ್ನೂ ಅದನ್ನು ಬರೆದವರು ಸೇರಿಸಿದ್ದರು. ನಾನು ತಡವಾಗಿ ಕಂಡ ಅಪಾಯವನ್ನು ಅವರು ಮೊದಲೇ ಕಂಡಿದ್ದರು. ಆ ಹೊತ್ತಿನಲ್ಲಿ ಮುಖ ನೋಡದ ಆ ಜನರ ಮೇಲೆ ನನಗೆ ನಿಜವಾದ ಗೌರವ ಮೂಡಿತು.

ಮೂಲೆಯ ಯಂತ್ರದ ಕೆಲಸ ಬೇರೆಯೇ ಆಗಿತ್ತು. ಕಾಗದಪತ್ರಗಳ ಭದ್ರತೆಗಾಗಿ ಅದನ್ನು ಇಂಟರ್ನೆಟ್ಟಿಗೆ ಜೋಡಿಸಿಯೇ ಇರಲಿಲ್ಲ. ಹಾಗಾಗಿ ಅದು ಹಾಕಿದ ದಿನದ 2.44ರ ಸಾಲಿನಲ್ಲೇ ನಿಂತುಹೋಗಿತ್ತು. ಪಿಕೆಎಕ್ಸೆಕ್ ತಿದ್ದುಪಡಿಯನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದೆನಾದರೂ, ಅಲ್ಲಿ ಸ್ನ್ಯಾಪ್ ಇದೆಯೆಂಬುದನ್ನೇ ಗಮನಿಸಿರಲಿಲ್ಲ. 20.04ರ ಸರ್ವರ್ ಆವೃತ್ತಿಯಲ್ಲಿ, ಒಂದೇ ಯಂತ್ರದೊಳಗೆ ಹಲವು ಪ್ರತ್ಯೇಕ ವ್ಯವಸ್ಥೆಗಳನ್ನು ಓಡಿಸಲು ಬಳಸುವ ಎಲ್‌ಎಕ್ಸ್‌ಡಿ ಎಂಬ ಸ್ನ್ಯಾಪ್ ಮೊದಲಿನಿಂದಲೇ ಸೇರಿಕೊಂಡಿತ್ತು, ಅದರೊಂದಿಗೆ ಸ್ನ್ಯಾಪ್‌ಡಿ ಕೂಡ. ಹೊರಜಗತ್ತಿನಿಂದ ದೂರವಿಟ್ಟದ್ದೇ ಅದನ್ನು ತಿದ್ದುಪಡಿಗಳಿಂದಲೂ ದೂರವಿಟ್ಟಿತ್ತು. ಹೊರಗಿನ ಕಳ್ಳನಿಗೆ ಹೆದರಿ ಮಾಡಿದ ಆ ವ್ಯವಸ್ಥೆ, ಒಳಗಿನ ಸಂದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲದಷ್ಟು ಅಗಲ ಮಾಡಿತ್ತು.

ಬದಿಯಡ್ಕದಲ್ಲಿರುವ ಸ್ನೇಹಿತರೊಬ್ಬರ ಮನೆಯ ಫೈಬರ್ ಸಂಪರ್ಕದಿಂದ ಎರಡು ವಸ್ತುಗಳನ್ನು ಇಳಿಸಿಕೊಂಡೆ. ಒಂದು ಸ್ನ್ಯಾಪ್‌ಡಿಯ ಹೊಸ ಡೆಬ್ ಪ್ಯಾಕೇಜ್. ಇನ್ನೊಂದು ಸ್ನ್ಯಾಪ್ ಡೌನ್‌ಲೋಡ್ ಆಜ್ಞೆಯಿಂದ ಪಡೆದ ಸ್ನ್ಯಾಪ್‌ಡಿ ಸ್ನ್ಯಾಪ್. ಈ ಆಜ್ಞೆ ಸ್ನ್ಯಾಪ್ ಕಡತದ ಜೊತೆಗೆ ಅಸರ್ಟ್ ಎಂಬ ಸಣ್ಣ ಕಡತವನ್ನೂ ಕೊಡುತ್ತದೆ. ಸ್ನ್ಯಾಪ್ ನಿಜವಾಗಿಯೂ ಅದರ ಪ್ರಕಾಶಕರಿಂದಲೇ ಬಂದದ್ದು, ನಡುವೆ ಯಾರೂ ತಿದ್ದಿಲ್ಲ ಎಂಬುದಕ್ಕೆ ಸಹಿ ಇರುವ ದಾಖಲೆ ಅದು. ವಾಚನಾಲಯಕ್ಕೆ ಮರಳಿ, ಡೆಬ್ ಪ್ಯಾಕೇಜು ಬದಲಾಗಿಲ್ಲವೆಂದು ಖಚಿತಪಡಿಸಲು ಅದರ ಎಸ್‌ಎಚ್‌ಎ-256 ಮೊತ್ತವನ್ನು ಮನೆಯಲ್ಲಿ ಬರೆದುಕೊಂಡು ಬಂದದ್ದರೊಂದಿಗೆ ತಾಳೆ ನೋಡಿ ಹಾಕಿದೆ. ಆ ಬಳಿಕ ಸ್ನ್ಯಾಪ್ ಆಕ್ ಎಂಬ ಆಜ್ಞೆಯಿಂದ ಸಹಿಯ ದಾಖಲೆಯನ್ನು ಯಂತ್ರಕ್ಕೆ ಒಪ್ಪಿಸಿ, ನಂತರ ಸ್ನ್ಯಾಪನ್ನು ಸ್ಥಾಪಿಸಿದೆ. ಸಹಿ ಪರೀಕ್ಷಿಸದೆ ಸ್ಥಾಪಿಸಲು ಒಂದು ಅಡ್ಡದಾರಿಯೂ ಇದೆ. ಭದ್ರತೆಗಾಗಿ ಮಾಡುವ ಕೆಲಸದಲ್ಲಿ ಅದನ್ನು ಬಳಸಬಾರದು.

ಮಧ್ಯಾಹ್ನ ಮೂರರ ಹೊತ್ತಿಗೆ ಐದೂ ಯಂತ್ರಗಳು ಸರಿಯಾಗಿದ್ದವು. ಉಳಿದ ಪ್ರಶ್ನೆ ಒಂದೇ: ಈಗಾಗಲೇ ಯಾರಾದರೂ ಈ ಸಂದಿನಿಂದ ಒಳಹೊಕ್ಕಿದ್ದರೇ? ಲಾಗ್ ಕಡತಗಳನ್ನು ಓದಿದೆ. ಬಳಕೆದಾರರ ಪಟ್ಟಿಯಲ್ಲಿ ರೂಟಿಗೆ ಮಾತ್ರ ಇರಬೇಕಾದ ಸೊನ್ನೆ ಸಂಖ್ಯೆಯನ್ನು ಹೊತ್ತ ಬೇರೆ ಖಾತೆ ಇದೆಯೇ ಎಂದು ನೋಡಿದೆ. ಯಾವ ಪ್ಯಾಕೇಜಿಗೂ ಸೇರದ ಸೆಟ್‌ಯುಐಡಿ ಕಡತಗಳನ್ನು ಹುಡುಕಿದೆ. ಸ್ಥಾಪಿತ ಪ್ಯಾಕೇಜುಗಳ ಕಡತಗಳು ಮೂಲದಂತೆಯೇ ಇವೆಯೇ ಎಂದು ಡಿಪಿಕೆಜಿಯಿಂದ ಪರೀಕ್ಷಿಸಿದೆ. ಏನೂ ಸಿಗಲಿಲ್ಲ. ಆದರೆ ರೂಟ್ ಆದವನಿಗೆ ಲಾಗ್ ಅಳಿಸುವುದೂ ಸಾಧ್ಯವಾದ್ದರಿಂದ, ಏನೂ ಸಿಗದಿರುವುದು ಏನೂ ಆಗಿಲ್ಲ ಎಂಬುದಕ್ಕೆ ಸಾಕ್ಷಿಯಾಗದು. ಇದನ್ನು ಮಾಷ್ಟ್ರಿಗೆ ಹಾಗೆಯೇ ಹೇಳಿದೆ. ಅವರು ಬೇಸರಿಸಿಕೊಳ್ಳಲಿಲ್ಲ. ಎಲ್ಲ ಸದಸ್ಯರೂ ತಮ್ಮ ಪಾಸ್‌ವರ್ಡ್ ಬದಲಿಸಬೇಕು ಎಂದು ಸೂಚನಾಪತ್ರದಲ್ಲಿ ಸೇರಿಸಲು ಹೇಳಿದರು. ಮೂಲೆಯ ಯಂತ್ರವನ್ನು ಮುಂದಿನ ತಿಂಗಳು ಮೊದಲಿನಿಂದ ಹೊಸದಾಗಿ ಹಾಕಿ, ಕಡತಗಳನ್ನು ಮಾತ್ರ ಮರಳಿ ತುಂಬಿದೆ. ಹೊಸದಾಗಿ ಹಾಕುವಾಗ ಒಳಜಾಲದ ಮೂಲಕ ನವೀಕರಣ ತಲುಪುವ ದಾರಿಯನ್ನೂ ಮಾಡಿದೆ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಅದೇ ವರ್ಷದ ನವೆಂಬರ್ 30ರಂದು ಕ್ವಾಲಿಸ್ ಸಂಶೋಧಕರು ಸ್ನ್ಯಾಪ್-ಕನ್ಫೈನ್‌ನಲ್ಲಿ ಇನ್ನೊಂದು ಲೋಪವನ್ನು ಪ್ರಕಟಿಸಿದರು, ಸಿವಿಇ-2022-3328. ಇದೂ ನೋಡುವುದಕ್ಕೂ ಮಾಡುವುದಕ್ಕೂ ನಡುವಿನ ಸಂದೇ. ಇದು ಹುಟ್ಟಿದ್ದು ಫೆಬ್ರವರಿಯ ತಿದ್ದುಪಡಿಯಿಂದ. ಹಳೆಯ ಲೋಪವನ್ನು ಮುಚ್ಚಲು ಬರೆದ ಹೊಸ ಭಾಗದಲ್ಲಿ, ಟಿಎಂಪಿಯಲ್ಲಿ ಯಾರೋ ಮೊದಲೇ ಮಾಡಿಟ್ಟ ಅನುಮಾನಾಸ್ಪದ ಫೋಲ್ಡರನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಮಾಡಿಕೊಳ್ಳುವ ವ್ಯವಸ್ಥೆ ಇತ್ತು. ಆ ಸರಿಸುವ ಕೆಲಸದಲ್ಲೇ ಮತ್ತೊಂದು ಸಂದು ಉಳಿದಿತ್ತು. ಮಲ್ಟಿಪಾತ್‌ಡಿ ಎಂಬ ಇನ್ನೊಂದು ಸೇವೆಯಲ್ಲಿ ಆ ಅಕ್ಟೋಬರಿನಲ್ಲಷ್ಟೇ ಪ್ರಕಟವಾಗಿದ್ದ ಎರಡು ಲೋಪಗಳನ್ನು ಇದರೊಂದಿಗೆ ಹೊಸೆದು, ಉಬುಂಟು ಸರ್ವರ್‌ನಲ್ಲಿ ಸಾಮಾನ್ಯ ಖಾತೆಯಿಂದ ಪೂರ್ಣ ರೂಟ್ ಅಧಿಕಾರ ಪಡೆಯಬಹುದೆಂದು ಅವರು ತೋರಿಸಿದ್ದರು. ಉಬುಂಟು ಸರ್ವರ್ ಎಂದರೆ ನಮ್ಮ ಮೂಲೆಯ ಯಂತ್ರ.

ಓದಿದ ರಾತ್ರಿ ನನಗೆ ನೋವಾಯಿತು. ಫೆಬ್ರವರಿಯಲ್ಲಿ ಅಷ್ಟು ಶ್ರದ್ಧೆಯಿಂದ ಪೆನ್‌ಡ್ರೈವಿನಲ್ಲಿ ಹೊತ್ತು ತಂದು ಹಾಕಿದ್ದರೊಳಗೇ ಇದೂ ಇತ್ತಲ್ಲ ಎಂಬ ನೋವು. ಮಾಷ್ಟ್ರಿಗೆ ಹೇಳಿದಾಗ ಅವರು ಕೇಳಿದ್ದು, "ಹಾಗಾದ್ರೆ ಅಂದು ಹಾಕದೆ ಇದ್ದಿದ್ರೆ ಒಳ್ಳೆದಿತ್ತಾ?" ಎಂದು. ಇಲ್ಲ. ಹಾಕದಿದ್ದರೆ, ಜಗತ್ತಿಗೆಲ್ಲ ವಿವರವಾಗಿ ಗೊತ್ತಾಗಿದ್ದ ಲೋಪ ಒಂಬತ್ತು ತಿಂಗಳು ನಮ್ಮಲ್ಲಿ ತೆರೆದೇ ಇರುತ್ತಿತ್ತು. ಹೊಸದು ಅಷ್ಟು ಕಾಲವೂ ಪ್ರಕಟವಾಗಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ ಎಂದು ಅವರಿಗೆ ಹೇಳಿದೆ, ಈಗಲೂ ಹಾಗೆಯೇ ನಂಬುತ್ತೇನೆ.

ಈ ಸಲದ ಕೆಲಸ ಬೇಗ ಮುಗಿಯಿತು. ತಿದ್ದುಪಡಿಯಿದ್ದ 2.57.6 ಡೆಸ್ಕ್‌ಟಾಪುಗಳಿಗೆ ತಾನಾಗಿ ಬಂದಿತ್ತು, ಏಕೆಂದರೆ ಫೆಬ್ರವರಿಯ ಬಳಿಕ ನವೀಕರಣಕ್ಕೆ ವಾಚನಾಲಯ ತೆರೆದಿರುವ ಹೊತ್ತನ್ನೇ ನಿಗದಿ ಮಾಡಿದ್ದೆ, ಡೇಟಾದ ಹೆಚ್ಚುವರಿ ಖರ್ಚನ್ನು ಸಮಿತಿ ಒಪ್ಪಿತ್ತು. ಮೂಲೆಯ ಯಂತ್ರದಲ್ಲಿ ಡೆಬ್ ಪ್ಯಾಕೇಜ್ ಮತ್ತು ಸ್ನ್ಯಾಪ್ ಎರಡನ್ನೂ ನವೀಕರಿಸಿದೆ. ಮಲ್ಟಿಪಾತ್‌ಡಿ ಇರುವುದು ಒಂದೇ ಡಿಸ್ಕಿಗೆ ಹಲವು ದಾರಿಗಳಿರುವ ದೊಡ್ಡ ವ್ಯವಸ್ಥೆಗಳಿಗಾಗಿ. ನಮ್ಮ ಡಿಸ್ಕಿಗೆ ಇರುವುದು ಒಂದೇ ತಂತಿ. ಅದನ್ನು ತೆಗೆದೆ. ಯಾರೂ ಬಳಸದ ಎಲ್‌ಎಕ್ಸ್‌ಡಿಯನ್ನೂ ತೆಗೆದೆ. ಫೆಬ್ರವರಿಯಲ್ಲೇ ತೆಗೆಯಬೇಕಿತ್ತು, ಇರುವುದನ್ನು ಸರಿಪಡಿಸುವ ಗಡಿಬಿಡಿಯಲ್ಲಿ, ಇದು ಇಲ್ಲಿ ಇರಬೇಕೇ ಎಂಬ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಹೊಸ ತಿದ್ದುಪಡಿ ಏನು ಮಾಡಿದೆ ಎಂಬುದನ್ನು ಕಣ್ಣಾರೆ ನೋಡಬೇಕೆನ್ನಿಸಿ ಟಿಎಂಪಿ ಫೋಲ್ಡರನ್ನು ತೆರೆದೆ. ಮೊದಲು ಅಲ್ಲಿ ಸ್ನ್ಯಾಪ್.ಕ್ರೋಮಿಯಂ, ಸ್ನ್ಯಾಪ್.ಜಿಂಪ್ ಎಂದು ಒಂದೊಂದು ತಂತ್ರಾಂಶದ ಫೋಲ್ಡರೂ ಬಯಲಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತಿತ್ತು. ಈಗ ಸ್ನ್ಯಾಪ್-ಪ್ರೈವೇಟ್-ಟಿಎಂಪಿ ಎಂಬ ಒಂದೇ ಫೋಲ್ಡರ್ ಇದೆ, ಉಳಿದವೆಲ್ಲ ಅದರೊಳಗೆ. ಅದರ ಅನುಮತಿ 0700, ಎಂದರೆ ರೂಟ್ ಅಲ್ಲದೆ ಬೇರೆ ಯಾರೂ ಒಳಗೆ ಇಣುಕಲೂ ಆಗದು. ಯಂತ್ರ ಆನ್ ಆಗುವಾಗಲೇ, ಯಾವ ಬಳಕೆದಾರರೂ ಒಳಬರುವ ಮೊದಲೇ, ಅದನ್ನು ಮಾಡಿಡುವ ಏರ್ಪಾಡಿದೆ. ಸಂತೆಯ ಬಯಲಿನಲ್ಲಿ ಯಾರು ಮೊದಲು ಜಾಗ ಹಿಡಿಯುತ್ತಾರೆಂಬ ಪೈಪೋಟಿಯನ್ನೇ ಅದು ಇಲ್ಲವಾಗಿಸಿತು. ಫೆಬ್ರವರಿಯ ತಿದ್ದುಪಡಿ ಬಯಲಲ್ಲೇ ನಿಂತು ಇನ್ನೂ ಚುರುಕಾಗಿ ನೋಡಿಕೊಳ್ಳಲು ಹವಣಿಸಿತ್ತು. ಈ ಸಲದ್ದು ಬಯಲನ್ನು ಬಿಟ್ಟು ಬೇಲಿಯೊಳಗೆ ಬಂತು. ಎರಡನೆಯದು ಹೆಚ್ಚು ಸರಳ, ಆದ್ದರಿಂದಲೇ ಹೆಚ್ಚು ಗಟ್ಟಿ ಎಂದು ನನಗೆ ಕಾಣುತ್ತದೆ.

ಆ ವರ್ಷದ ಡಿಸೆಂಬರಿನಿಂದ ಮೇಲಿನ ಕೋಣೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ಭಾನುವಾರ ಐದೂ ಯಂತ್ರಗಳ ಮುಂದೆ ಕುಳಿತು ಅದನ್ನು ತುಂಬುತ್ತಾಳೆ. ಮೊದಲ ಕಾಲಂನಲ್ಲಿ ಸ್ನ್ಯಾಪ್ ಹೇಳುವ ಆವೃತ್ತಿ, ಎರಡನೆಯದರಲ್ಲಿ ಡೆಬ್ ಪ್ಯಾಕೇಜಿನ ಆವೃತ್ತಿ. ಮೂರನೆಯ ಕಾಲಂನ ತಲೆಬರಹವನ್ನು ಅವಳೇ ತನ್ನ ಅಕ್ಷರದಲ್ಲಿ ಬರೆದಿದ್ದಾಳೆ, "ಹಳೆ ಪ್ರತಿ ಎಲ್ಲಿಯಾದರೂ ಉಂಟಾ?" ಎಂದು. ಫೈಂಡ್ ಆಜ್ಞೆಯ ಪಟ್ಟಿಯನ್ನು ಪೂರ್ತಿ ಓದಿದ ಮೇಲೆಯೇ ಅದರಲ್ಲಿ ಇಲ್ಲ ಎಂದು ಬರೆಯುತ್ತಾಳೆ, ಮಾಷ್ಟ್ರು ಕೆಳಗೆ ಸಹಿ ಹಾಕುತ್ತಾರೆ.